ಒಳ್ಳೆ ವಾಲ್ವ್ ಹಾಕಿದ್ರೆ ಪೈಪ್ ಗನ್ ಸೇಫ್ ಆಗುತ್ತಾ?

ಹೈದರಾಬಾದಿನಿಂದ ಮಾತಾಡ್ತಾ ಇದೀನಿ. ವಿಡಿಯೋ ಪೂರ್ತಿ ನೋಡೋಕೆ ಟೈಮ್ ಇಲ್ಲ, ಕ್ಯಾಬ್‌ನಲ್ಲಿ ಕೂತು ಓದ್ತೀವಿ ಅನ್ನೋರಿಗೆ ಎಂದಿನಂತೆ ಮಾತನ್ನ ಬರಹಕ್ಕೆ ಇಳಿಸಿದ್ದೇನೆ. ಇವತ್ತಿನ ವಿಷಯ ಮನೆಯಲ್ಲಿ ಮಕ್ಕಳಿರೋರು ಒಮ್ಮೆ ಓದಲೇಬೇಕಾದದ್ದು.

2025ರ ದೀಪಾವಳಿಗೆ ನನ್ನ ಅಣ್ಣನ ಮಗ ಕಲಬುರಗಿಯಿಂದ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹತ್ತಿ ನಮ್ಮ ಮನೆಗೆ ಬಂದಿದ್ದ. ಹತ್ತನೇ ಕ್ಲಾಸ್ ಹುಡುಗ. ಬ್ಯಾಗಲ್ಲಿ ಬಟ್ಟೆಗಿಂತ ಜಾಸ್ತಿ ಸ್ಕ್ರೂ, ವಾಷರ್, ಟೇಪು. ಬಲಿಪಾಡ್ಯಮಿ ದಿನ ರಾತ್ರಿ ಊಟ ಆದಮೇಲೆ ಒಂದು ನೋಟ್‌ಬುಕ್ ತಂದು ನನ್ನ ಮುಂದೆ ಬಿಚ್ಚಿದ. ಪ್ಲಾಸ್ಟಿಕ್ ಪೈಪಿನ ಚಿತ್ರ, ಒಳಗೆ ಗ್ಯಾಸ್, ಒಂದು ಕಡೆ ಕಿಡಿ, ಮಧ್ಯೆ ಒಂದು ಪಿಸ್ಟನ್. ಆಲೂಗಡ್ಡೆ ಹಾರಿಸೋ ಗನ್ ಅಂತೆ. ಯಾವುದೋ ವಿದೇಶಿ ವಿಡಿಯೋ ನೋಡಿ, ಅದನ್ನ ಇನ್ನೂ ಸುಧಾರಿಸಿ ಬರೆದಿದ್ದ. ಚಿತ್ರ ನಿಜವಾಗ್ಲೂ ಚೆನ್ನಾಗಿತ್ತು.

"ಕಾಕಾ, ಕಾರ್ಬೈಡ್ ಗನ್ ಡೇಂಜರ್ ಅಂತ ನಂಗ ಗೊತ್ತದ. ಅದಕ್ಕ ವಾಲ್ವ್ ಇರಂಗಿಲ್ಲ. ಇದಕ್ಕ ಪಿಸ್ಟನ್ ವಾಲ್ವ್ ಹಾಕೀನಿ. ವಾಲ್ವ್ ಸರಿ ಇದ್ರ ಸೇಫ್ ಅಲ್ಲೇನು?"

ನಾನು ಸಾಫ್ಟ್‌ವೇರ್ ಮನುಷ್ಯ. ತಕ್ಷಣ ಉತ್ತರ ಹೊಳೀಲಿಲ್ಲ. "ಬೇಡ" ಅಂತ ಬೈಯೋದು ಸುಲಭ ಇತ್ತು. ಆದ್ರೆ ಬೈಸಿಕೊಂಡ ಹುಡುಗ ಊರಿಗೆ ಹೋಗಿ ಮಾಳಿಗೆ ಮೇಲೆ ಅದನ್ನೇ ಮಾಡ್ತಾನೆ, ನಮಗೆ ಗೊತ್ತಾಗಲ್ಲ ಅಷ್ಟೇ. ಅದು ನನಗೆ ಹೇಗೆ ಗೊತ್ತು ಅನ್ನೋದನ್ನ ಕೊನೆಗೆ ಹೇಳ್ತೀನಿ.

ಮರುದಿನ ಟಿವಿಯಲ್ಲಿ ಭೋಪಾಲ್ ಸುದ್ದಿ. ಹಬ್ಬದ ಹೊತ್ತಲ್ಲಿ ರಸ್ತೆ ಬದಿ ಆಟಿಕೆ ತರಹ ಮಾರಿದ ಕಾರ್ಬೈಡ್ ಗನ್‌ಗಳಿಂದ ಮಧ್ಯಪ್ರದೇಶದಲ್ಲಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ರು. ಹೆಚ್ಚಿನವರು ಮಕ್ಕಳು, ಹೆಚ್ಚಿನ ಗಾಯ ಕಣ್ಣಿಗೆ. ಕೆಲವರ ದೃಷ್ಟಿಯೇ ಹೋಯ್ತು. ಹುಡುಗ ಟಿವಿ ನೋಡ್ತಾ ಸುಮ್ಮನೆ ಕೂತ. ನಾನು ಫೋನ್ ತೆಗೆದು ನಮ್ಮ ಸೋದರಮಾವನಿಗೆ ಹಚ್ಚಿದೆ. ಮಾಮಾ ವಾಡಿ ಕಡೆ ಒಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿ ರಿಟೈರ್ ಆದವರು. ಪಿಸ್ಟನ್ ವಾಲ್ವ್ ಅಂದ್ರೆ ಅವರಿಗೆ ಮನೆ ಬಾಗಿಲ ಚಿಲಕ ಇದ್ದಂಗೆ. ಸ್ಪೀಕರ್ ಆನ್ ಮಾಡಿ ಹುಡುಗನ ಪ್ರಶ್ನೆ ಕೇಳಿದೆ. ಆಮೇಲೆ ನಡೆದ ಒಂದು ತಾಸಿನ ಮಾತನ್ನೇ ನಿಮಗೆ ಬಿಡಿಸಿ ಹೇಳ್ತೀನಿ.

ಮೊದಲು, ಪಿಸ್ಟನ್ ವಾಲ್ವ್ ಅಂದ್ರೇನು?

ನಲ್ಲಿ ತಿರುಗಿಸ್ತೀರಾ, ನೀರು ನಿಧಾನಕ್ಕೆ ಬರುತ್ತೆ. ಅದೂ ವಾಲ್ವೇ. ಆದ್ರೆ ಕೆಲವು ಕಡೆ ದೊಡ್ಡ ಬಾಗಿಲು ಒಂದೇ ಸಲ, ಫಟ್ ಅಂತ ತೆರೀಬೇಕು. ಕೈಯಿಂದ ತಿರುಗಿಸಿದ್ರೆ ಆ ವೇಗ ಬರಲ್ಲ. ಅಲ್ಲಿ ಪಿಸ್ಟನ್ ಬರುತ್ತೆ.

ಸಿಮೆಂಟ್ ಫ್ಯಾಕ್ಟರಿಯಲ್ಲಿ ಏರ್ ಬ್ಲಾಸ್ಟರ್ ಅಂತ ಒಂದು ಯಂತ್ರ ಇರುತ್ತೆ. ಪ್ರೀಹೀಟರ್ ಗೋಡೆಗೆ, ಸೈಲೋ ಗೋಡೆಗೆ ಬಿಸಿ ಪುಡಿ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಮೇಲಿಂದ ಬರೋ ಮಾಲು ಕೆಳಗೆ ಇಳಿಯಲ್ಲ. ಮನುಷ್ಯ ಒಳಗೆ ಹೋಗಿ ಕೆದಕೋದು ಅಪಾಯ. ಅದಕ್ಕೆ ಹೊರಗಡೆ ಒಂದು ಉಕ್ಕಿನ ಟ್ಯಾಂಕ್ ಇಟ್ಟು, ಅದರಲ್ಲಿ ಕಂಪ್ರೆಸರ್ ಗಾಳಿ ತುಂಬಿ, ಒಮ್ಮೆಗೇ ಒಳಗೆ ಬಿಡ್ತಾರೆ. ಅಂಟಿದ್ದು ಉದುರುತ್ತೆ.

ಆ ಟ್ಯಾಂಕಿನ ಬಾಯಿಗೆ ಪಿಸ್ಟನ್ ಕೂತಿರುತ್ತೆ. ಪಿಸ್ಟನ್ನಿನ ಹಿಂದೆಯೂ ಅದೇ ಒತ್ತಡದ ಗಾಳಿ. ಬಾಯಿಯ ಆಚೆ ಒತ್ತಡ ಇಲ್ಲ. ಹಾಗಾಗಿ ಹಿಂದಿನ ಗಾಳಿ ಪಿಸ್ಟನ್ನನ್ನ ಬಾಯಿಗೆ ಒತ್ತಿ ಹಿಡಿದಿರುತ್ತೆ. ಈಗ ಹಿಂದಿನ ಗಾಳಿಯನ್ನ ಮಾತ್ರ ಒಂದು ಸಣ್ಣ ದಾರಿಯಿಂದ ಹೊರಗೆ ಬಿಟ್ರೆ ಏನಾಗುತ್ತೆ? ಹಿಡಿದಿದ್ದ ಕೈ ಬಿಟ್ಟಂಗೆ. ಟ್ಯಾಂಕಿನ ಗಾಳಿಯೇ ಪಿಸ್ಟನ್ನನ್ನ ಹಿಂದಕ್ಕೆ ತಳ್ಳಿ ತಾನೇ ಬಾಗಿಲು ತೆರೆದುಕೊಂಡು ಹೊರಗೆ ನುಗ್ಗುತ್ತೆ. ಸಣ್ಣ ವಾಲ್ವಿನಿಂದ ದೊಡ್ಡ ವಾಲ್ವನ್ನ ಆಡಿಸೋದು, ಅಷ್ಟೇ ಇದರ ಗುಟ್ಟು.

ಇದು ಹೊಸದೇನಲ್ಲ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಶುರುವಾದಾಗ ಇಂಜಿನ್ನುಗಳ ಕಾಲ ಸ್ಲೈಡ್ ವಾಲ್ವ್‌ಗಳದ್ದು. ಅಂದ್ರೆ ಚಪ್ಪಟೆ ತಟ್ಟೆ ಉಜ್ಜುತ್ತಾ ಹಿಂದೆ ಮುಂದೆ ಹೋಗಿ ಹಬೆಗೆ ದಾರಿ ಬಿಡೋದು. 20ನೇ ಶತಮಾನದ ಶುರುವಿನಲ್ಲಿ ಹಬೆಯನ್ನ ಇನ್ನೂ ಹೆಚ್ಚು ಕಾಯಿಸಿ ಬಳಸೋಕೆ ಹೊರಟಾಗ ಆ ತಟ್ಟೆಗೆ ಎಣ್ಣೆ ನಿಲ್ಲಲಿಲ್ಲ, ಒತ್ತಡಕ್ಕೆ ಬಿಗಿದುಕೊಂಡು ಸವೆಯಿತು. ದುಂಡನೆಯ ಪಿಸ್ಟನ್ ವಾಲ್ವ್ ಗೆದ್ದದ್ದು ಅಲ್ಲಿ. ಎರಡೂ ಕಡೆ ಒತ್ತಡ ಸಮ ಇರೋದ್ರಿಂದ ಅದು ಹಗುರವಾಗಿ ಓಡಾಡುತ್ತೆ. ಅಷ್ಟೇ ಯಾಕೆ, ಹೈದರಾಬಾದಿನ ಬಾರಾತ್‌ನಲ್ಲಿ ಬ್ಯಾಂಡಿನವರು ಊದೋ ಟ್ರಂಪೆಟ್ ನೋಡಿ. ಅವರು ಬೆರಳಲ್ಲಿ ಒತ್ತೋ ಮೂರು ಗುಂಡಿ ಕೂಡ ಪಿಸ್ಟನ್ ವಾಲ್ವೇ.

ಹಾಗಾದ್ರೆ ಹುಡುಗನ ಚಿತ್ರದಲ್ಲಿ ತಪ್ಪೇನು?

ಮಾಮಾ ಫೋನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು: "ತಮ್ಮಾ, ವಾಲ್ವ್ ಛಲೋ ಅದನೋ ಇಲ್ಲೋ ಅಂತ ಕೇಳಬ್ಯಾಡ. ಅದು ಸಿಕ್ಕಾಕ್ಕೊಂಡ್ರ ಏನಾಗ್ತದ ಅಂತ ಕೇಳು."

ಇಡೀ ವಿಷಯ ಈ ಒಂದು ಮಾತಲ್ಲಿದೆ. ಏರ್ ಬ್ಲಾಸ್ಟರಿನ ಪಿಸ್ಟನ್ ಸಿಕ್ಕಿಹಾಕಿಕೊಂಡ್ರೆ ಏನೂ ಆಗಲ್ಲ. ಟ್ಯಾಂಕಿನೊಳಗೆ ಎಷ್ಟು ಗಾಳಿ ಇತ್ತೋ ಅಷ್ಟೇ ಇರುತ್ತೆ. ಕಂಪ್ರೆಸರ್ ಆರೋ ಏಳೋ ಕೆಜಿ ಒತ್ತಡ ಕೊಡುತ್ತೆ ಅಂದ್ರೆ ಅದಕ್ಕಿಂತ ಒಂದು ಗುಲಗಂಜಿ ಜಾಸ್ತಿ ಆಗಲ್ಲ. ಗೇಜ್ ನೋಡಿದ್ರೆ ಗೊತ್ತಾಗುತ್ತೆ. ಲೈನ್ ಬಂದ್ ಮಾಡಿ, ಬೀಗ ಹಾಕಿ, ಕಾಕ್ ತೆರೆದು ಗಾಳಿ ಖಾಲಿ ಮಾಡಿ, ಆಮೇಲೆ ಬಿಚ್ಚಬಹುದು. ಹಂಗಿದ್ದೂ ಖಾಲಿ ಮಾಡದೆ ಬಿಚ್ಚೋಕೆ ಹೋದವನ ಪ್ರಾಣ ತೆಗೆಯೋ ಶಕ್ತಿ ಅದಕ್ಕಿದೆ. ಅದಕ್ಕೇ ಬೀಗದ ನಿಯಮ.

ಗ್ಯಾಸ್ ಉರಿಸೋ ಗನ್ನಿನಲ್ಲಿ ಒತ್ತಡ ಮೊದಲೇ ಇರಲ್ಲ. ಕಿಡಿ ಬಿದ್ದ ಮೇಲೆ ಹುಟ್ಟುತ್ತೆ. ಎಷ್ಟು ಹುಟ್ಟುತ್ತೆ ಅನ್ನೋದು ಗ್ಯಾಸ್ ಎಷ್ಟು, ಗಾಳಿ ಎಷ್ಟು, ಹೇಗೆ ಬೆರೆತಿದೆ ಅನ್ನೋದರ ಮೇಲೆ. ಅದನ್ನ ಗೇಜ್ ಹಾಕಿ ಮೊದಲೇ ನೋಡೋಕಾಗಲ್ಲ. ಪಿಸ್ಟನ್ ಸಿಕ್ಕಿಕೊಂಡ್ರೆ, ಅರ್ಧ ತೆರೆದ್ರೆ, ಸ್ವಲ್ಪ ತಡವಾಗಿ ತೆರೆದ್ರೆ, ಹುಟ್ಟಿದ ಒತ್ತಡವೆಲ್ಲ ಒಳಗೇ. ಅಂದ್ರೆ ವಾಲ್ವ್ ಮುಚ್ಚಿರೋ ತನಕ ಅದು ಬಾಂಬು. ತೆರೆದ ಮೇಲೆ ಮಾತ್ರ ಗನ್ನು.

ನಮ್ಮ ಭಾಷೆಯಲ್ಲೇ ಹೇಳ್ತೀನಿ. ಒಂದು ಸರ್ವೀಸ್ ಬಿದ್ದರೆ ಸಿಸ್ಟಮ್ ಸುಮ್ಮನೆ ನಿಲ್ಲಬೇಕಾ, ಅಥವಾ ಇಡೀ ಡೇಟಾಬೇಸ್ ಅಳಿಸಿಹೋಗಬೇಕಾ? ಎರಡನೇ ತರಹದ ಡಿಸೈನ್ ತಂದವನನ್ನ ರಿವ್ಯೂನಲ್ಲಿ ನಾವು ಬಿಡ್ತೀವಾ? ಡೆಮೋ ನೂರು ಸಲ ಓಡಿದ್ರೂ ಬಿಡಲ್ಲ.

ಕುಕ್ಕರಿಗೂ ವಾಲ್ವ್ ಇದೆಯಲ್ಲ?

ಹುಡುಗ ಬಿಡಲಿಲ್ಲ. "ಹಂಗಾದ್ರ ಇನ್ನೊಂದು ಸೇಫ್ಟಿ ವಾಲ್ವ್ ಹಾಕ್ತೀನಿ, ಕುಕ್ಕರಿಗೆ ಇದ್ದಂಗ." ಒಳ್ಳೆ ಪ್ರಶ್ನೆ. ಕುಕ್ಕರ್ ನಮ್ಮೆಲ್ಲರ ಮನೆಯ ಪ್ರೆಷರ್ ವೆಸೆಲ್. ಒಳಗೆ ಒತ್ತಡ ಹೊರಗಿನದಕ್ಕಿಂತ ಸುಮಾರು ಒಂದು ಕೆಜಿ ಹೆಚ್ಚಾದಾಗ, ನೀರು ಸುಮಾರು 120 ಡಿಗ್ರಿಗೆ ಬಂದಾಗ, ವೆಯ್ಟ್ ಎದ್ದು ಸೀಟಿ ಹೊಡೆಯುತ್ತೆ. ಸೀಟಿ ದಾರಿಯಲ್ಲಿ ಅನ್ನದ ಅಗುಳು ಸಿಕ್ಕಿಕೊಂಡ್ರೆ? ಮುಚ್ಚಳದಲ್ಲಿ ಸೇಫ್ಟಿ ಪ್ಲಗ್ ಇದೆ. ಅತಿಯಾಗಿ ಕಾದ್ರೆ ಅದು ಕರಗಿ ದಾರಿ ಬಿಡುತ್ತೆ.

ಇದು ಯಾಕೆ ಕೆಲಸ ಮಾಡುತ್ತೆ? ಕುಕ್ಕರಿನಲ್ಲಿ ಒತ್ತಡ ಏರೋಕೆ ನಿಮಿಷಗಟ್ಟಲೆ ಬೇಕು. ವಾಲ್ವಿಗೆ ಎದ್ದು ನಿಲ್ಲೋಕೆ ಬೇಕಾದಷ್ಟು ಟೈಮ್ ಇದೆ. ಗ್ಯಾಸ್ ಉರಿಯೋದು ಮಿಲಿಸೆಕೆಂಡುಗಳ ಲೆಕ್ಕ. ನಾವು ಕಣ್ಣು ಮಿಟುಕಿಸೋಕೆ 100ರಿಂದ 400 ಮಿಲಿಸೆಕೆಂಡ್ ಬೇಕು. ಪೈಪಿನೊಳಗೆ ಅಸಿಟಿಲಿನ್ ಉರಿದು ಮುಗಿಯೋಕೆ ಅಷ್ಟೂ ಬೇಡ. ಕುಕ್ಕರಿನ ವೆಯ್ಟ್ ಅಲುಗಾಡೋದರೊಳಗೆ ಕಥೆ ಮುಗಿದಿರುತ್ತೆ. ಸರ್ವರ್ ಸತ್ತಮೇಲೆ ಬಂದ ಅಲರ್ಟ್ ಇದ್ದಂಗೆ.

"ಬೈಕ್ ಇಂಜಿನ್ನಿನಾಗೂ ಉರೀತದಲ್ಲ?" ಅಂದ. ಹೌದು. 6000 ಆರ್‌ಪಿಎಂನಲ್ಲಿ ಓಡೋ ಬೈಕಿನ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತೆ. ಆದ್ರೆ ಗಮನಿಸಿ, ಪೆಟ್ರೋಲ್ ಉರಿಯೋ ಹೊತ್ತಿನಲ್ಲಿ ಆ ವಾಲ್ವುಗಳು ಮುಚ್ಚಿರುತ್ತೆ. ಒತ್ತಡವನ್ನ ತಡೆಯೋದು ವಾಲ್ವಲ್ಲ, ಅದಕ್ಕಂತಲೇ ಲೆಕ್ಕ ಹಾಕಿ ಎರಕ ಹೊಯ್ದ ಲೋಹದ ಗೋಡೆ. ಪಿಸ್ಟನ್ ಕೆಳಗೆ ಓಡಿ ಜಾಗ ಮಾಡಿಕೊಡುತ್ತೆ. ಒಳಗೆ ಬರೋ ಪೆಟ್ರೋಲ್ ಹನಿ ಹನಿ ಅಳತೆ. ಅಳತೆ, ಗೋಡೆ, ಜಾಗ, ಈ ಮೂರರಲ್ಲಿ ಹುಡುಗನ ಪೈಪಿಗೆ ಒಂದೂ ಇಲ್ಲ.

ಪೈಪಿನ ಗೋಡೆ ಎಷ್ಟು ದಪ್ಪ?

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಮುಚ್ಚಿದ ಡಬ್ಬಿಯಲ್ಲಿ ಅಡುಗೆ ಗ್ಯಾಸು, ಗಾಳಿ ಸರಿಯಾಗಿ ಬೆರೆತು ಉರಿದ್ರೆ ಒತ್ತಡ ಮೊದಲಿದ್ದದ್ದರ ಸುಮಾರು 8 ಪಟ್ಟಿಗೆ ಏರುತ್ತೆ. ಹೊರಗಿನ ಗಾಳಿ ತಿರುಗಿ ಒತ್ತೋದನ್ನ ಕಳೆದ್ರೆ 7 ಕೆಜಿ ಅಂತ ಇಟ್ಕೊಳ್ಳಿ, ಪ್ರತಿ ಚದರ ಸೆಂಟಿಮೀಟರಿಗೆ. ನಾಲ್ಕಿಂಚು ಪೈಪಿನ ಮುಚ್ಚಳ ಅಂದ್ರೆ ಸುಮಾರು 80 ಚದರ ಸೆಂಟಿಮೀಟರ್. 80 × 7, ಅಂದ್ರೆ 560 ಕೆಜಿ. ಮೂರು ಬುಲೆಟ್ ಗಾಡಿಗಳು ಒಂದೇ ಸಲ ಆ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಬಿದ್ದಂಗೆ. ಅಸಿಟಿಲಿನ್ ಆದ್ರೆ ಇನ್ನೂ ಜಾಸ್ತಿ. ಉದ್ದ ಪೈಪಿನಲ್ಲಿ ಅದರ ಜ್ವಾಲೆ ವೇಗ ಹೆಚ್ಚಿಸಿಕೊಂಡು ಶಬ್ದವನ್ನೂ ಮೀರಿ ಓಡಬಲ್ಲದು. ಆಗ ಈ ಲೆಕ್ಕಗಳೆಲ್ಲ ಸಾಲಲ್ಲ.

ನೀರಿನ ಪಿವಿಸಿ ಪೈಪಿನ ಮೇಲೆ ಐಎಸ್ 4985 ಅಂತ ಬರೆದಿರುತ್ತೆ ನೋಡಿ. ಆ ಮಾನದಂಡದಲ್ಲಿ ಒತ್ತಡದ ಅಳತೆ ಕೊಟ್ಟಿರೋದು 27 ಡಿಗ್ರಿ ನೀರಿಗೆ. ಉರಿಯೋ ಗ್ಯಾಸಿಗಲ್ಲ. ಪಿವಿಸಿ ಬಿಸಿಯಾದಂತೆ ಮೆತ್ತಗಾಗುತ್ತೆ, ಬಿಸಿಲಲ್ಲಿ ಬಿದ್ದು ಹಳೆಯದಾದ್ರೆ ಪೆಡಸಾಗುತ್ತೆ. ಒಡೆದಾಗ ಲೋಹದ ಹಾಗೆ ಹಿಗ್ಗಿ ಹರಿಯಲ್ಲ, ಗಾಜಿನ ಹಾಗೆ ಚೂರಾಗಿ ಹಾರುತ್ತೆ. ಬರೀ ಕಂಪ್ರೆಸರ್ ಗಾಳಿಗೂ ಪಿವಿಸಿ ಪೈಪ್ ಬಳಸಬೇಡಿ ಅಂತ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 1988ರಲ್ಲೇ ಎಚ್ಚರಿಕೆ ಕೊಟ್ಟಿತ್ತು.

ಶನಿವಾರ ಹುಡುಗನನ್ನ ಗೋಲ್ಕೊಂಡಕ್ಕೆ ಕರ್ಕೊಂಡು ಹೋದೆ. ಅಲ್ಲಿನ ತೋಪುಗಳನ್ನ ಮುಟ್ಟಿ ನೋಡಿದ. ಅದಕ್ಕಿಂತ ದೊಡ್ಡದು ನಮ್ಮ ವಿಜಯಪುರದಲ್ಲೇ ಇದೆಯಲ್ಲ, ಮಲಿಕ್-ಎ-ಮೈದಾನ್. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ಹೊರಗಿನ ವ್ಯಾಸ ಸುಮಾರು ಒಂದೂವರೆ ಮೀಟರ್, ಬಾಯಿ ಸುಮಾರು 70 ಸೆಂಟಿಮೀಟರ್. ಕಳೆದು ನೋಡಿ, ಗೋಡೆ ಒಂದೊಂದು ಕಡೆ 40 ಸೆಂಟಿಮೀಟರ್ ದಪ್ಪ! ಅಷ್ಟಿದ್ರೂ ತೋಪು ಹಾರಿಸೋನು ಪಕ್ಕದ ನೀರಿನ ತೊಟ್ಟಿಗೆ ಧುಮುಕುತ್ತಿದ್ದ ಅಂತ ಅಲ್ಲಿನ ಜನ ಹೇಳ್ತಾರೆ. ತೋಪು ಒಡೆದು ಹಾರಿಸೋರೇ ಸತ್ತದ್ದು ಚರಿತ್ರೆಯಲ್ಲಿ ಹೊಸದಲ್ಲ. ಸ್ಕಾಟ್ಲೆಂಡಿನ ದೊರೆ ಎರಡನೇ ಜೇಮ್ಸ್ 1460ರಲ್ಲಿ ಸತ್ತದ್ದು ಶತ್ರುವಿನ ಗುಂಡಿಗಲ್ಲ, ಪಕ್ಕದಲ್ಲಿದ್ದ ತನ್ನದೇ ತೋಪು ಸಿಡಿದು. ರಾಜರ ಖಜಾನೆ, ನುರಿತ ಎರಕದವರು, ಗೇಣುದ್ದ ದಪ್ಪದ ಗೋಡೆ ಇದ್ದೂ ಹಾಗಾಯ್ತು. ನಮ್ಮ ಕೈಯಲ್ಲಿರೋದು ಕೆಲವೇ ಮಿಲಿಮೀಟರಿನ ನೀರಿನ ಪೈಪು.

ಹೊತ್ತದಿದ್ದಾಗ ಏನಾಗುತ್ತೆ?

ಭೋಪಾಲಿನ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಗಾಯ ಆದದ್ದು ಗನ್ ಹಾರಿದಾಗ ಅಲ್ಲ, ಹಾರದೇ ಇದ್ದಾಗ. ಕಿಡಿ ಕೊಟ್ರು, ಸದ್ದು ಬರಲಿಲ್ಲ. ಏನಾಯ್ತು ಅಂತ ಪೈಪಿನ ಬಾಯಿಗೆ ಕಣ್ಣಿಟ್ಟು ನೋಡಿದ್ರು. ಆಗ ಹಾರಿತು.

ಯಾಕೆ ಹೀಗೆ? ಅಡುಗೆ ಗ್ಯಾಸ್ ಗಾಳಿಯಲ್ಲಿ ಸುಮಾರು 2ರಿಂದ 9.5 ಶೇಕಡ ಇದ್ದಾಗ ಮಾತ್ರ ಹೊತ್ತುತ್ತೆ. ಅಸಿಟಿಲಿನ್ ಸುಮಾರು 2.5 ಶೇಕಡದಿಂದ 80 ಶೇಕಡಕ್ಕೂ ಮೇಲಿನ ತನಕ ಹೊತ್ತುತ್ತೆ. ಅದಕ್ಕೆ ಬೇಕಾದ ಕಿಡಿಯೂ ಅತಿ ಸಣ್ಣದು. ಸ್ವೆಟರ್ ತೆಗೆಯುವಾಗ ಚಟ್ ಅನ್ನುತ್ತಲ್ಲ, ಅಷ್ಟು ಸಾಕು. ಒಳಗೆ ಕಾರ್ಬೈಡಿನಿಂದ ಗ್ಯಾಸ್ ಇನ್ನೂ ಬರ್ತಾನೇ ಇರುತ್ತೆ. ಇದಕ್ಕೆ ವಾಲ್ವ್ ಹಾಕಿದ್ರೆ ಪರಿಸ್ಥಿತಿ ಇನ್ನೂ ಕೆಡುತ್ತೆ. ಬಾಯಿ ತೆರೆದಿದ್ರೆ ಗ್ಯಾಸ್ ಸ್ವಲ್ಪವಾದ್ರೂ ಹೊರಗೆ ಹೋಗ್ತಿತ್ತು. ವಾಲ್ವ್ ಅದನ್ನ ಭದ್ರವಾಗಿ ಒಳಗೇ ಇಟ್ಟುಕೊಳ್ಳುತ್ತೆ. ಹೊರಗಿಂದ ನೋಡೋನಿಗೆ ಒಳಗೇನಿದೆ ಅನ್ನೋದು ಕಾಣಲ್ಲ.

ಇನ್ನೊಂದು ವಿಷಯ. ಕಾರ್ಬೈಡಿಗೆ ನೀರು ಸೇರಿದ್ರೆ ಗ್ಯಾಸಿನ ಜೊತೆ ಸುಣ್ಣವೂ ಹುಟ್ಟುತ್ತೆ. ಕಣ್ಣಿಗೆ ಬಡಿಯೋದು ಬರೀ ಬೆಂಕಿಯಲ್ಲ, ಬಿಸಿ ಸುಣ್ಣ. ಸುಣ್ಣದಂತಹ ಕ್ಷಾರ ಕಣ್ಣಿನ ಮೇಲ್ಪದರದಲ್ಲಿ ನಿಲ್ಲಲ್ಲ, ಒಳಗೆ ಇಳೀತಾ ಹೋಗುತ್ತೆ. ಅದಕ್ಕೇ ಒಂದೊಂದು ನಿಮಿಷವೂ ಲೆಕ್ಕ.

ಈಗ ನನ್ನ ಕಥೆ. ನಾನು ಎಂಟನೇ ಕ್ಲಾಸ್. ಊರು ಆಗ ಗುಲ್ಬರ್ಗ. ಗ್ಯಾಸ್ ವೆಲ್ಡಿಂಗ್ ಅಂಗಡಿಯ ಹಿಂದೆ ಬಿದ್ದಿದ್ದ ಕಾರ್ಬೈಡ್ ಹರಳುಗಳನ್ನ ಕಾಗದದಲ್ಲಿ ಕಟ್ಟಿ ತಂದವನು ನಾನೇ. ಡಬ್ಬಿ ತಂದವನು ನನ್ನ ಗೆಳೆಯ. ನಾಲ್ಕು ಸಲ ಸದ್ದು ಬಂತು, ಕುಣಿದಾಡಿದ್ವಿ. ಐದನೇ ಸಲ ಬರಲಿಲ್ಲ. ಅವನು ಬಗ್ಗಿ ನೋಡಿದ. ನಾವು ಗಾಬರಿಯಾಗಿ ಸೈಕಲ್ ಮೇಲೆ ಕೂರಿಸ್ಕೊಂಡು ಆಸ್ಪತ್ರೆಗೆ ಓಡಿದ್ವಿ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ನೀರು ಹಾಕಿ ತೊಳೆದ್ರಾ?" ಹತ್ತು ಹೆಜ್ಜೆ ದೂರದಲ್ಲಿ ನಲ್ಲಿ ಇತ್ತು. ನಮಗೆ ಗೊತ್ತಿರಲಿಲ್ಲ. ಅವನ ಬಲಗಣ್ಣು ಉಳಿಯಲಿಲ್ಲ. ಈಗ ಅವನದು ಕಿರಾಣಿ ಅಂಗಡಿ ಇದೆ. ಊರಿಗೆ ಹೋದಾಗ ಹೋಗಿ ಕೂರ್ತೀನಿ. ಚಿಲ್ಲರೆ ಎಣಿಸುವಾಗ ಕತ್ತು ಪೂರ್ತಿ ಬಲಕ್ಕೆ ತಿರುಗಿಸಿ ನೋಡ್ತಾನೆ. ಇಷ್ಟು ವರ್ಷದಲ್ಲಿ ಒಂದು ಸಲವೂ ನನಗೆ ಏನೂ ಅಂದಿಲ್ಲ.

ಅದಕ್ಕೇ ಇದೊಂದನ್ನ ನೆನಪಿಡಿ. ಕಣ್ಣಿಗೆ ಸುಣ್ಣ, ಕಾರ್ಬೈಡ್, ಪಟಾಕಿ ಪುಡಿ ಬಿದ್ರೆ ಉಜ್ಜಬೇಡಿ. ಕಣ್ಣಿನ ಸುತ್ತ ಒಣ ಪುಡಿ ಇದ್ರೆ ಬಟ್ಟೆಯಿಂದ ಮೆಲ್ಲಗೆ ತೆಗೆದು, ತಕ್ಷಣ ಹರಿಯೋ ಶುದ್ಧ ನೀರಿನಲ್ಲಿ, ರೆಪ್ಪೆ ಬಿಡಿಸಿ ಹಿಡಿದು, ಕಡಿಮೆ ಅಂದ್ರೆ 15–20 ನಿಮಿಷ ತೊಳೀರಿ. ಎಣ್ಣೆ, ಅರಿಶಿನ, ಹಾಲು ಏನೂ ಬೇಡ. ಆಮೇಲೆ ನೇರ ಕಣ್ಣಿನ ಆಸ್ಪತ್ರೆಗೆ. ಹೈದರಾಬಾದಿನಲ್ಲಿ ಮೆಹದಿಪಟ್ನಂ ಹತ್ತಿರದ ಸರೋಜಿನಿ ದೇವಿ ಸರ್ಕಾರಿ ಕಣ್ಣಾಸ್ಪತ್ರೆ, ಬಂಜಾರಾ ಹಿಲ್ಸ್‌ನ ಎಲ್ ವಿ ಪ್ರಸಾದ್ ಇದೆ. ಬೆಂಗಳೂರಿನಲ್ಲಿ ಮಿಂಟೋ ಇದೆ. ಆಂಬ್ಯುಲೆನ್ಸಿಗೆ 108.

ಕಾನೂನಿನ ಮಾತೂ ಒಂದು. ಕಾರ್ಬೈಡ್ ಇಟ್ಟುಕೊಳ್ಳೋಕೆ, ಸಾಗಿಸೋಕೆ 1987ರ ಕ್ಯಾಲ್ಸಿಯಂ ಕಾರ್ಬೈಡ್ ನಿಯಮಗಳಿವೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕು ಅನ್ನೋದರ ಅರ್ಥವೂ ನಾವಂದುಕೊಂಡಷ್ಟು ಚಿಕ್ಕದಲ್ಲ. ಸ್ಫೋಟಕ ಅಥವಾ ಬೇರೆ ಶಕ್ತಿಯಿಂದ ಏನನ್ನಾದ್ರೂ ಹಾರಿಸೋಕೆ ಮಾಡಿದ ಆಯುಧ ಅದರೊಳಗೆ ಬರುತ್ತೆ. ಹುಡುಗಾಟ ಅಂತ ಶುರುವಾಗಿ ಪೊಲೀಸ್ ಸ್ಟೇಷನ್ನಿನಲ್ಲಿ ಮುಗಿಯಬಾರದು.

ಹುಡುಗನ ನೋಟ್‌ಬುಕ್ ಏನಾಯ್ತು ಅಂತ ಕೇಳ್ತೀರಾ? ಹರಿಯಲಿಲ್ಲ. ಭಾನುವಾರ ಬೆಳಿಗ್ಗೆ ಮೆಡಿಕಲ್ ಶಾಪಿನಿಂದ ಸೂಜಿ ಇಲ್ಲದ ಎರಡು ಸಿರಿಂಜ್ ತಂದ್ವಿ, ಒಂದು ದಪ್ಪ, ಒಂದು ಸಣ್ಣ. ನಡುವೆ ಒಂದು ಪ್ಲಾಸ್ಟಿಕ್ ಟ್ಯೂಬು, ಒಳಗೆ ಬಣ್ಣದ ನೀರು. ಸಣ್ಣದನ್ನ ಒಂದು ಬೆರಳಲ್ಲಿ ಒತ್ತಿದ. ದಪ್ಪದನ್ನ ನಾನು ಹೆಬ್ಬೆರಳಲ್ಲಿ ತಡೆಯೋಕೆ ನೋಡಿದೆ, ಆಗಲಿಲ್ಲ. ಒತ್ತಡ ಒಂದೇ, ಅಗಲ ಬೇರೆ, ಹಾಗಾಗಿ ಬಲ ಬೇರೆ. ಪಿಸ್ಟನ್ ವಾಲ್ವಿನ ಅರ್ಧ ವಿದ್ಯೆ ಅಲ್ಲೇ ಇದೆ. ಇನ್ನರ್ಧಕ್ಕೆ ಸಿಕಂದರಾಬಾದಿನ ರಾಣಿಗಂಜ್‌ಗೆ ಹೋಗಿ, ಕಂಪ್ರೆಸರ್ ಲೈನಿಗೆ ಹಾಕೋ ಹಳೆಯ ಕ್ವಿಕ್ ಎಕ್ಸಾಸ್ಟ್ ವಾಲ್ವ್ ಒಂದನ್ನ ತಂದ್ವಿ. ಹುಡುಗ ಅದನ್ನ ಊಟದ ಟೇಬಲ್ ಮೇಲೆ ಬಿಚ್ಚಿ, ಒಳಗಿನ ಸೀಲು, ದಾರಿ, ಪೀಠ ಎಲ್ಲವನ್ನ ಬಿಡಿಸಿ ಚಿತ್ರ ಬರೆದ. ಮಾಮಾನಿಗೆ ಫೋಟೋ ಕಳಿಸಿದ. ಮಾಮಾ ತಿರುಗಿ ಫೋನ್ ಮಾಡಿ ಅರ್ಧ ತಾಸು ಪಾಠ ಹೇಳಿದ್ರು.

ಊರಿಗೆ ಹೊರಡೋ ದಿನ ಸ್ಟೇಷನ್ನಿನಲ್ಲಿ ನೋಟ್‌ಬುಕ್ ತೆರೆದು ತೋರಿಸಿದ. ಹಳೇ ಗನ್ನಿನ ಚಿತ್ರದ ಪಕ್ಕದಲ್ಲಿ ಹೊಸದಾಗಿ ಒಂದು ಪಟ್ಟಿ: ಪಿಸ್ಟನ್ ಸಿಕ್ಕಿಕೊಂಡ್ರ? ಸೀಲ್ ಸೋರಿದ್ರ? ಕಿಡಿ ಹತ್ತಲಿಲ್ಲ ಅಂದ್ರ? ಪೈಪ್ ಸೀಳಿದ್ರ? ನಾಲ್ಕರ ಮುಂದೆಯೂ ಒಂದೇ ಉತ್ತರ ಬರೆದಿದ್ದ: "ಹಿಡಿದವನಿಗೆ ಬಡೀತದ." ಕೆಳಗೆ ಗೆರೆ ಎಳೆದು ಚಿತ್ರಕ್ಕೆ ಕಾಟು ಹೊಡೆದಿದ್ದ. ನಾನು ಹೊಡೆಸಿದ್ದಲ್ಲ.

ನಿಮ್ಮ ಮನೆಯಲ್ಲೂ ಇಂಥ ನೋಟ್‌ಬುಕ್ ಇರಬಹುದು. ಸಿಕ್ಕಿದ್ರೆ ಕಸಿದುಕೊಳ್ಳಬೇಡಿ. ಪಕ್ಕದಲ್ಲಿ ಕೂತು, ಕೆಟ್ಟರೆ ಏನಾಗುತ್ತೆ ಅಂತ ಅವರ ಕೈಯಲ್ಲೇ ಬರೆಸಿ.